ಹೆಗಲ ಮೇಲಿನ ಕೈ

ಕೊಚ್ಚಿಯ ಪಾಲಾರಿವಟ್ಟಂ ಜಂಕ್ಷನ್ನಿನಿಂದ ಒಳಕ್ಕೆ ಸರಿಯುವ ಗಲ್ಲಿಯಲ್ಲಿ ಸುಬ್ರಾಯನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ದೇವರಿಗೂ ಅವನೇ ಕಟ್ಟು ಹಾಕುತ್ತಾನೆ, ಸತ್ತವರಿಗೂ ಅವನೇ. ದೇವರ ಪಟ ಕೊಳ್ಳುವವರು ಚೌಕಾಸಿ ಮಾಡುತ್ತಾರೆ, ಸತ್ತವರ ಕಡೆಯವರು ಮಾಡುವುದಿಲ್ಲ. ಹೀಗಾಗಿ ಅಂಗಡಿಯಲ್ಲಿ ಊದುಬತ್ತಿ ಹಚ್ಚುವುದು ಮೊದಲನೆಯವರಿಗಾದರೂ ಅಂಗಡಿ ನಡೆಯುವುದು ಎರಡನೆಯವರಿಂದ.

ಗೋಡೆಗೆ ಹಾಕುವುದಕ್ಕೆಂದು ಬದುಕಿರುವಾಗ ಯಾರೂ ಫೋಟೋ ತೆಗೆಸಿಕೊಳ್ಳುವುದಿಲ್ಲ. ಉಸಿರು ನಿಂತ ಮೇಲೆ ಮನೆಯವರು ಮೊಬೈಲು ತಡಕುತ್ತಾರೆ. ಸಿಗುವುದು ಯಾರದೋ ಮದುವೆಯ ಪಂಕ್ತಿ, ಮೂನ್ನಾರಿನ ಪ್ರವಾಸ, ಮೊಮ್ಮಗುವಿನ ಹುಟ್ಟುಹಬ್ಬ. ಆ ಗುಂಪಿನೊಳಗಿಂದ ಒಬ್ಬರನ್ನು ಹುಷಾರಾಗಿ ಎತ್ತಿ ಹೊರಗೆ ತರುವುದೇ ಸುಬ್ರಾಯನ ಕಸುಬು. ಪಕ್ಕದವರ ಕಿವಿ ಕತ್ತರಿಸಬೇಕು, ಬಾಯಂಚಿನ ಪಾಯಸ ಒರೆಸಬೇಕು, ಹಿಂದಿನ ಐಸ್‌ಕ್ರೀಮ್ ಬೋರ್ಡು ಅಳಿಸಿ ನೀಲಿ ಆಕಾಶ ಹರಡಬೇಕು. ಎಲ್ಲಕ್ಕಿಂತ ದೊಡ್ಡ ಪೀಡೆ ಹೆಗಲ ಮೇಲಿನ ಕೈ. ಫೋಟೋ ಎಂದರೆ ಸಾಕು, ನಮ್ಮ ಜನ ಪಕ್ಕದವರ ಹೆಗಲ ಮೇಲೆ ಕೈ ಹಾಕುತ್ತಾರೆ, ವರ್ಷಗಟ್ಟಲೆ ಮಾತು ಬಿಟ್ಟವರು ಕೂಡ. ಆ ಕೈಯನ್ನು ತೆಗೆದು, ಅದರಡಿಯಲ್ಲಿದ್ದಿರಬಹುದಾದ ಅಂಗಿಯನ್ನೋ ಸೀರೆಯನ್ನೋ ಊಹಿಸಿ ತುಂಬಬೇಕು. ಇಂಥ ಫೋಟೋ ಬಾಗಿಲಿನ ಮೇಲೆ ತೂಗುವಂಥದ್ದಾದ್ದರಿಂದ ಸುಬ್ರಾಯನ ಮನೆಯಲ್ಲಿ ಅದಕ್ಕೆ ‘ಮೇಲಿನ ಸೈಜು’ ಎಂದು ಹೆಸರು.

ಒಮ್ಮೆ ಅನಸೂಯಾ ಟೀಚರ್ ತೀರಿಹೋದ ಗಂಡನ ಫೋಟೋ ತಂದರು. ಇದ್ದದ್ದು ಅದೊಂದೇ, ಅದರಲ್ಲಿ ಆತ ಕಪ್ಪು ಕನ್ನಡಕ ಹಾಕಿಕೊಂಡು ಬೋಟಿನಲ್ಲಿ ಕೂತಿದ್ದ. ಕನ್ನಡಕ ತೆಗೆಯಬೇಕು ಎಂದರು ಟೀಚರ್. ತೆಗೆಯಬಹುದು, ಆದರೆ ಅದರ ಹಿಂದೆ ಏನಿತ್ತೆಂದು ನಾನು ನೋಡಿಲ್ಲವಲ್ಲ ಎಂದ ಸುಬ್ರಾಯ. ಕೊನೆಗೆ ಗಂಡನ ಅಣ್ಣನ ಕಣ್ಣು ತಂದು ಕೂರಿಸಿದ. ಟೀಚರ್ ನೋಡಿದವರೇ ಸೆರಗು ಬಾಯಿಗೊತ್ತಿ, ಅದೇ ನೋಟ, ಅದೇ ನೋಟ ಎಂದು ಅತ್ತರು. ಇವತ್ತಿಗೂ ಆ ಮನೆಯಲ್ಲಿ ಭಾವನ ಕಣ್ಣಿನಿಂದ ಗಂಡ ಹೆಂಡತಿಯನ್ನು ನೋಡುತ್ತಿದ್ದಾನೆ. ವ್ಯಾಪಾರದಲ್ಲಿ ಗಿರಾಕಿ ಒಪ್ಪಿದ ಮೇಲೆ ಮಾತಿಲ್ಲ.

ಸುಬ್ರಾಯನಿಗೆ ಈ ಅಂಗಡಿ ಹಾಕಿಕೊಟ್ಟವಳು ಅಕ್ಕ ಶಾಂತಾ. ಕಾಸರಗೋಡಿನಲ್ಲಿ ಅಪ್ಪ ಅಮ್ಮ ಬೇಗ ಹೋದ ಮೇಲೆ ತಮ್ಮನನ್ನು ಸಾಕಿದವಳೂ ಅವಳೇ. ಬ್ಯಾಂಕಿನ ಕೆಲಸ ಸಿಕ್ಕಿ ಕೊಚ್ಚಿಗೆ ಬಂದಳು, ಹಿಂದೆಯೇ ತಮ್ಮನೂ ಬಂದ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, “ಒಬ್ಬ ಗಂಡಸನ್ನು ದೊಡ್ಡವ ಮಾಡುವಾಗಲೇ ಸಾಕೋಸಾಕಾಯ್ತು, ಇನ್ನೊಬ್ಬ ಎಂತಕ್ಕೆ?” ಎನ್ನುತ್ತಿದ್ದಳು. ಕೊಚ್ಚಿಯ ಹತ್ತಿರದ ಏಲೂರಿನ ಶಾಖೆಯಲ್ಲಿ ಅವಳ ಕೆಲಸ ಚೆಕ್ಕಿನ ಸಹಿ ನೋಡುವುದು. ಸುಳ್ಳು ಸಹಿ ಅವಳ ಕನ್ನಡಕ ದಾಟಿ ಹೋದದ್ದಿಲ್ಲ. ನಿವೃತ್ತಿಯಾದ ಮೇಲೆ ಮಧ್ಯಾಹ್ನಗಳಲ್ಲಿ ಅಂಗಡಿಯ ಹಿಂಬದಿ ಕೂತು, ತಮ್ಮ ಕತ್ತರಿಸುತ್ತಿದ್ದ ಸತ್ತವರನ್ನು ನೋಡಿ, “ಇವನ ಕುತ್ತಿಗೆ ಗಿಡ್ಡ ಆಯ್ತು, ಹೆಂಡತಿಗೆ ಗುರುತು ಸಿಗ್ಲಿಕ್ಕಿಲ್ಲ” ಎಂದು ತಪ್ಪು ತೆಗೆಯುತ್ತಿದ್ದಳು.

ಅವಳ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಯಿತು. ಚಿಕಿತ್ಸೆ ನಡೆಯಿತು, ಕೂದಲು ಹೋಯಿತು. ಒಂದು ದಿನ ಡಾಕ್ಟರು ಔಷಧ ನಿಲ್ಲಿಸಿ, ನೋವಿಗೆ ಮಾತ್ರೆ ಬರೆದುಕೊಟ್ಟು, ಇಷ್ಟ ಬಂದದ್ದು ತಿನ್ನಲಿ ಎಂದರು. ಡಾಕ್ಟರು ಪಥ್ಯ ತೆಗೆದರೆಂದರೆ ಆಸೆಯನ್ನೂ ತೆಗೆದರೆಂದೇ ಲೆಕ್ಕ. ಅದನ್ನು ಶಾಂತಕ್ಕನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವಳು ಕೇಳಿದ್ದು ಕಾಶಿಯನ್ನಲ್ಲ. ಊಟದ ಹೊತ್ತಿಗೆ, ಸುಬ್ರಾಯನ ಹೆಂಡತಿ ವಿಜಯಾ ಸಾರು ಬಡಿಸುತ್ತಿರುವಾಗ ಹೇಳಿದಳು:

“ಒಮ್ಮೆ ತಿರುವನಂತಪುರ ನೋಡ್ಬೇಕು.”

ಕಾಸರಗೋಡಿನ ಕನ್ನಡಿಗರಿಗೆ ರಾಜಧಾನಿಗಳು ಎರಡು, ಮನಸ್ಸಿನಲ್ಲೊಂದು, ರೇಷನ್ ಕಾರ್ಡಿನಲ್ಲೊಂದು. ಶಾಂತಕ್ಕ ಎರಡನ್ನೂ ನೋಡಿರಲಿಲ್ಲ. ಆದರೆ ಬ್ಯಾಂಕಿನ ವಲಯ ಕಚೇರಿ ತಿರುವನಂತಪುರದಲ್ಲಿತ್ತು. “ಅಷ್ಟು ವರ್ಷ ಆ ಊರಿಗೆ ಕಾಗದ ಕಳಿಸಿದ್ದೇ ಕಳಿಸಿದ್ದು. ಒಂದಕ್ಕೂ ಸರಿಯಾದ ಉತ್ತರ ಬರ್ಲಿಲ್ಲ. ಅಂಥ ಊರು ನಿಜವಾಗಿ ಉಂಟಾ ಅಂತ ನೋಡಿ ಬರುವ.”

“ಅದಕ್ಕೇನತ್ತಿಗೆ, ಎಲ್ಲರೂ ಹೋಗುವ,” ಎಂದಳು ವಿಜಯಾ.

“ಮತ್ತೆ ಸುಬ್ಬು, ಅಲ್ಲಿ ನನ್ನದೊಂದು ಒಳ್ಳೆ ಫೋಟೋ ತೆಗಿ. ಮೇಲಿನ ಸೈಜಿಗೆ.”

ವಿಜಯಳ ಕೈಯ ಸೌಟು ಪಾತ್ರೆಯೊಳಗೆ ಬಿತ್ತು. ಸುಬ್ರಾಯ ಅನ್ನ ಕಲಸುತ್ತಲೇ ಇದ್ದ, ಅದರಲ್ಲಿ ಸಾರಿರಲಿಲ್ಲ.

“ಎಂತ ಮಾತು ಅಕ್ಕ ಅದು?”

“ಕಸುಬಿನ ಮಾತು. ನಾನು ಸತ್ತ ಮೇಲೆ ನೀನು ಯಾರ ಮದುವೆಯಿಂದ ನನ್ನನ್ನು ಕತ್ತರಿಸ್ತಿ ಅಂತ ನನಗೆ ಗೊತ್ತುಂಟು. ಕೈಯಲ್ಲಿ ಹೋಳಿಗೆ, ಹೆಗಲ ಮೇಲೆ ಯಾವಳದೋ ಕೈ. ಅದು ಬೇಡ ನನಗೆ. ಒಬ್ಬಳೇ ಬದುಕಿದವಳು, ಒಬ್ಬಳೇ ನೆಟ್ಟಗೆ ಕೂತಿರ್ತೇನೆ. ಹಿಂದೆ ನೀಲಿ ಗೀಲಿ ಹಾಕ್ಬೇಡ, ನಿಜವಾದ ಆಕಾಶ ಇರ್ಲಿ.”

ಆಧಾರ್ ಕಾರ್ಡಿನ ಫೋಟೋ ಸರ್ಕಾರಕ್ಕೆ ತೆಗೆದದ್ದು, ಅದನ್ನು ಅವಳು ಲೆಕ್ಕಕ್ಕೇ ಹಿಡಿಯಲಿಲ್ಲ. ನಿವೃತ್ತಿಯ ದಿನದ ಫೋಟೋದಲ್ಲಿ ಕೊರಳಿಗಾಗಲೇ ಹಾರ ಬಿದ್ದಿತ್ತು, ಅದೂ ಬೇಡವಾಯಿತು. ಅಂದು ಸಂಜೆಯೇ ನಡುಮನೆಯ ಬಾಗಿಲಿನ ಮೇಲೆ ಜಾಗ ತೋರಿಸಿ, ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ ಎಂದು ಹೇಳಿ ತಮ್ಮನಿಂದಲೇ ಮೊಳೆ ಹೊಡೆಸಿದಳು.

ಸುಬ್ರಾಯನಿಗೆ ಒಂದು ಭಯವಿತ್ತು, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ರಾಕೆಟ್ಟಿನ ಸಂಸ್ಥೆಯಲ್ಲಿ ವಿಜ್ಞಾನಿಯಾಗಿದ್ದು ನಿವೃತ್ತರಾದ ವೆಂಕಟರಮಣ ಎಂಬವರು ಹಿಂದೊಮ್ಮೆ ತಮ್ಮ ಫೋಟೋ ತಾವೇ ತಂದಿದ್ದರು. ಕಟ್ಟಿನ ಮರದ ಪಟ್ಟಿ ಆರಿಸಿದರು, ಗಾಜು ತಟ್ಟಿ ನೋಡಿದರು, ಗುರುವಾರ ಬಂದು ಒಯ್ಯುತ್ತೇನೆ ಎಂದರು. ಗುರುವಾರ ಬಂದವಳು ಮಗಳು. ಕಟ್ಟು ಕೇಳಿದಳು, ಜೊತೆಗೆ ಹಾರ ಎಲ್ಲಿ ಸಿಗುತ್ತದೆ ಎಂದೂ ಕೇಳಿದಳು. ಅಂದಿನಿಂದ ಸುಬ್ರಾಯನ ತಲೆಯಲ್ಲಿ ಒಂದು ವ್ಯಾಪಾರಿ ನಿಯಮ ಕೂತುಬಿಟ್ಟಿತ್ತು, ಸರಕು ಸಿದ್ಧವಾಯಿತೆಂದರೆ ಒಯ್ಯುವವನು ಬಂದೇ ಬರುತ್ತಾನೆ. ಹಾಗಾದರೆ ಸರಕೇ ಸಿದ್ಧವಾಗದಿದ್ದರೆ? ಫೋಟೋ ತೆಗೆಯುವುದಿಲ್ಲ ಎಂದು ಅಕ್ಕನಿಗೆ ಎದುರಾಡುವ ಧೈರ್ಯ ಅವನಿಗೆ ಹುಟ್ಟಿನಿಂದಲೂ ಇರಲಿಲ್ಲ. ಆದರೆ ಯಾವ ಫೋಟೋದಿಂದ ಮನುಷ್ಯನನ್ನು ಕತ್ತರಿಸಲಾಗುವುದಿಲ್ಲ ಎಂಬುದು ಕೊಚ್ಚಿಯಲ್ಲಿ ಅವನಷ್ಟು ಇನ್ನಾರಿಗೂ ತಿಳಿದಿರಲಿಲ್ಲ. ಅಂಥವನ್ನೇ ತೆಗೆಯುವುದೆಂದು ನಿಶ್ಚಯಿಸಿದ.

ಬೆಳಗಿನ ರೈಲಿನಲ್ಲಿ ನಾಲ್ವರೂ ಹೊರಟರು. ನಾಲ್ಕನೆಯವಳು ಮಗಳು ಕೃಪಾ, ಕಾಲೇಜಿನ ಹುಡುಗಿ. ಕನ್ನಡದಲ್ಲಿ ಕೇಳಿಸಿಕೊಂಡು ಮಲಯಾಳದಲ್ಲಿ ಉತ್ತರ ಕೊಡುವ ತಲೆಮಾರು. ಶಾಂತಕ್ಕ ಕಡುಹಸಿರು ಸೀರೆ ಉಟ್ಟಿದ್ದಳು, ಬಿಳಿ ಬಣ್ಣ ಗಾಜಿನೊಳಗೆ ಪೇಲವವಾಗುತ್ತದೆಂದು ಅಂಗಡಿಯಲ್ಲಿ ಕೂತು ಕಲಿತದ್ದು. ಉಳಿದ ಕೂದಲಿಗೆ ಚೌರಿ ಸೇರಿಸಿ ಕಟ್ಟಿದ್ದಳು.

“ನೋವಿನ ಮಾತ್ರೆ ಒಂದು ಹೆಚ್ಚೇ ನುಂಗಿದ್ದೇನೆ,” ಎಂದು ತಮ್ಮನ ಕಿವಿಯಲ್ಲಿ ಹೇಳಿದಳು. “ಮುಖ ಸರಿ ಇರ್ಲಿ ಅಂತ. ಬೇಗ ಬೇಗ ತೆಗಿ.”

ತಿರುವನಂತಪುರದ ತಂಪಾನೂರು ಸ್ಟೇಷನ್ನಿನಲ್ಲಿ ಇಳಿದು, ಲಾಡ್ಜಿನಲ್ಲಿ ಚೀಲ ಇಟ್ಟು, ಬಸ್‌ಸ್ಟ್ಯಾಂಡಿನ ಬದಿಯ ಸುರುಳಿ ಕಟ್ಟಡದ ಕಾಫಿ ಹೌಸಿಗೆ ಹೋದರು. ಅಲ್ಲಿ ನೆಲವೇ ಸುತ್ತಿ ಸುತ್ತಿ ಮೇಲೇರುತ್ತದೆ. ಮಸಾಲೆ ದೋಸೆ ಬಿಡಿಸಿದರೆ ಒಳಗೆ ಕೆಂಪಗೆ ಬೀಟ್‌ರೂಟು.

“ಇದೆಂತದು ಮಾರಾಯ, ದೋಸೆಗೆ ಆಪರೇಷನ್ ಆದ ಹಾಗೆ ಉಂಟು!” ಎಂದಳು ಶಾಂತಕ್ಕ. ಇಷ್ಟ ಬಂದದ್ದು ತಿನ್ನಲಿಕ್ಕೆ ಅನುಮತಿ ಸಿಕ್ಕಿದವಳು ಎರಡು ತುತ್ತು ತಿಂದು ತಟ್ಟೆ ಸರಿಸಿದಳು. ಸುಬ್ರಾಯ ಅವಳು ಅಗಿಯುತ್ತಿರುವಾಗ ಫೋಟೋ ತೆಗೆದ. ಉಬ್ಬಿದ ಕೆನ್ನೆ, ಅರ್ಧ ಮುಚ್ಚಿದ ಕಣ್ಣು. ಮೊದಲನೆಯದು ಚೆನ್ನಾಗಿ ಕೆಟ್ಟಿತು.

ಪದ್ಮನಾಭನ ಗುಡಿಯಲ್ಲಿ ಫೋನುಗಳನ್ನು ಕೌಂಟರಿನಲ್ಲಿ ಕೊಟ್ಟು, ಸುಬ್ರಾಯ ಅಂಗಿ ಕಳಚಿ ಮುಂಡು ಉಟ್ಟು ಒಳಗೆ ನಡೆದ. ಆ ಹೊತ್ತಿನಲ್ಲಿ ಅವನಿಗೆ ಯಾವ ತಂತ್ರವೂ ಬೇಕಾಗಲಿಲ್ಲ, ಎದೆ ಹಗುರವಾಗಿತ್ತು. ಮಲಗಿದ ದೇವರು ಅಲ್ಲಿ ಒಂದೇ ನೋಟಕ್ಕೆ ಸಿಗುವುದಿಲ್ಲ. ಒಂದು ಬಾಗಿಲಿನಲ್ಲಿ ಮುಖ, ನಡುವಿನದರಲ್ಲಿ ನಾಭಿ, ಕೊನೆಯದರಲ್ಲಿ ಪಾದ.

“ನೋಡು ಸುಬ್ಬು, ಇವನಿಗೆ ನಿನ್ನ ಹತ್ರ ಕಟ್ಟಿಲ್ಲ,” ಎಂದು ಶಾಂತಕ್ಕ ಪಿಸುಗುಟ್ಟಿದಳು. “ಇವನನ್ನು ಕತ್ತರಿಸಿಯೇ ಇಟ್ಟಿದ್ದಾರೆ.”

“ಕೈ ಮುಗಿ ಅಕ್ಕ.”

“ಮುಗಿದಾಯ್ತು. ಎಂತ ಕೇಳ್ಬೇಕು ಅಂತ ಗೊತ್ತಾಗದೆ ನಿಂತದ್ದು.”

ಹೊರಗೆ ಕೊಳದ ಎದುರು ಹಳೆಯ ಗಡಿಯಾರವೊಂದುಂಟು. ಗಡ್ಡದ ಮುಖವೊಂದರ ಎರಡೂ ಕಡೆ ಆಡುಗಳು. ಗಂಟೆಯಾದಾಗ ಮುಖ ಬಾಯಿ ತೆರೆಯುತ್ತದೆ, ಆಡುಗಳು ಬಂದು ಕೆನ್ನೆಗೆ ಗುದ್ದುತ್ತವೆ. ನಾಲ್ವರೂ ಕತ್ತೆತ್ತಿ ಕಾದರು. ಗಂಟೆ ಹೊಡೆಯಿತು, ಆಡುಗಳು ಗುದ್ದಿದವು. ಶಾಂತಕ್ಕ ಮಗುವಿನ ಹಾಗೆ ನಕ್ಕಳು.

“ನಮ್ಮ ಮ್ಯಾನೇಜರನ ಮುಖ! ಹಾಗೇ ಉಂಟು! ಇಷ್ಟು ವರ್ಷಕ್ಕೆ ಯಾರಾದರೂ ಗುದ್ದಿದರಲ್ಲ!”

ಆ ನಗೆ ಮುಗಿದ ಮೇಲೂ ಮುಖದಲ್ಲಿ ಏನೋ ಉಳಿಯಿತು. ಬಿಸಿಲು ಕೊಳದ ನೀರಿನಿಂದ ಎದ್ದು ಕೆನ್ನೆಯ ಗುಳಿಯನ್ನು ತುಂಬಿತ್ತು. ಕಣ್ಣು ಹಳೆಯ ಶಾಂತಕ್ಕನದೇ, ತಪ್ಪು ಹುಡುಕುವ, ಹುಡುಕಿ ಕ್ಷಮಿಸುವ ಕಣ್ಣು. ಅವಳಿಗೂ ಅದು ತಿಳಿಯಿತು. ಸೆರಗು ಸರಿಮಾಡಿ, ಬೆನ್ನು ನೆಟ್ಟಗೆ ಮಾಡಿ ನಿಂತಳು. “ಈಗ ತೆಗಿ.”

ಸುಬ್ರಾಯ ಫೋನಿನ ಲಾಕು ತೆರೆಯಲಾಗದವನಂತೆ ತಡಮಾಡಿದ. ಅಷ್ಟರಲ್ಲಿ ಕೃಪಾ ತನ್ನ ಫೋನು ಎತ್ತಿ, “ಅತ್ತೇ, ಇಂಗೋಟ್ಟು ನೋಕ್ಕ್!” ಎಂದು ಕರೆದಳು. ಶಾಂತಕ್ಕ ಅತ್ತ ನೋಡಿದಳು. ಸುಬ್ರಾಯ ಎರಡು ಹೆಜ್ಜೆಗೆ ಅಕ್ಕನ ಪಕ್ಕಕ್ಕೆ ಹಾರಿ, ಅವಳ ಹೆಗಲ ಸುತ್ತ ಕೈ ಹಾಕಿಬಿಟ್ಟ. ಹೆಗಲಿನಿಂದ ಕೊರಳ ಬುಡದವರೆಗೆ ಅಂಗೈ ಅಗಲಿಸಿ, ಗಟ್ಟಿಯಾಗಿ.

“ಅಪ್ಪಾ! ಞಾನ್ ಅತ್ತೆಯುಡೆ ಸಿಂಗಲ್ ಎಡುಕ್ಕುವಾ!” ಎಂದು ಕೃಪಾ ರೇಗಿದಳು, ಅತ್ತೆಯೊಬ್ಬಳದನ್ನು ತೆಗೆಯುತ್ತಿದ್ದೆ ಎಂದು.

“ನಾನೂ ಇರುವ ಅಂತ,” ಎಂದ ಸುಬ್ರಾಯ.

ಶಾಂತಕ್ಕ ಅವನ ಕೈಯನ್ನು ನೋಡಿದಳು, ಮುಖವನ್ನು ನೋಡಿದಳು.

ಆಮೇಲೆ ಸೆಕ್ರೆಟರಿಯೇಟ್. ಅದರೆದುರು ಎಂದಿನಂತೆ ಯಾರೋ ಪೆಂಡಾಲು ಹಾಕಿ ಧರಣಿ ಕೂತಿದ್ದರು. ಬಾವುಟ ಗಾಳಿಗೆ ಅಕ್ಕನ ಮುಖಕ್ಕೆ ಅಡ್ಡ ಬರುವವರೆಗೆ ಸುಬ್ರಾಯ ಕಾದು ತೆಗೆದ. ಅಲ್ಲಿಂದ ವಲಯ ಕಚೇರಿಯ ಕಟ್ಟಡ. ಅದನ್ನು ಅವಳು ಗೇಟಿನ ಹೊರಗೇ ನಿಂತು ನೋಡಿ, “ಉಂಟು. ಸುಳ್ಳಲ್ಲ,” ಎಂದಳು. ಅಲ್ಲಿ ವಿಜಯಳ ಕೊಡೆ ಕೆಲಸಕ್ಕೆ ಬಂತು. ಒಂದರಲ್ಲಿ ಅಕ್ಕ ಸೀನುತ್ತಿದ್ದಳು, ಇನ್ನೊಂದರಲ್ಲಿ ಯಾರದೋ ಸ್ಕೂಟರಿನ ಹಿಂದೆ ಅರ್ಧ ಉಳಿದಿದ್ದಳು. ಕೃಪಾ ಫೋನು ಎತ್ತಿದಾಗಲೆಲ್ಲ ಅಪ್ಪ ಎಲ್ಲಿಂದಲೋ ಪ್ರತ್ಯಕ್ಷನಾಗುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅವನಿಗೆ ಒಳಗೊಳಗೇ ಹೆಮ್ಮೆಯಾಗತೊಡಗಿತ್ತು. ಇಷ್ಟೊಂದು ಫೋಟೋಗಳಲ್ಲಿ ಒಂದನ್ನಾದರೂ ಬಾಗಿಲ ಮೇಲೆ ಹಾಕಲಿ ನೋಡುವ.

ಸಂಜೆಗೆ ಶಂಖುಮುಖಂ ಕಡಲತೀರ. ರಸ್ತೆಯ ಒಂದು ಬದಿಯನ್ನು ಕಡಲು ತಿಂದ ಗುರುತಿತ್ತು, ಉಳಿದ ಮರಳಿನಲ್ಲಿ ಜನ. ಶಾಂತಕ್ಕ ಕಲ್ಲುಮಂಟಪದ ಮೆಟ್ಟಿಲಿನ ಮೇಲೆ ಕೂತಳು, ಕೂತದ್ದಕ್ಕಿಂತ ಕುಸಿದದ್ದೇ ಹೆಚ್ಚು. ವಿಜಯಳನ್ನೂ ಕೃಪಾಳನ್ನೂ ಚಹಾ ತರಲು ಕಳಿಸಿ, ತಮ್ಮನತ್ತ ಕೈ ಚಾಚಿದಳು.

“ಫೋನು ಕೊಡು.”

ಕೊಟ್ಟ. ಅವಳು ಒಂದೊಂದಾಗಿ ಸರಿಸಿದಳು.

“ಇದರಲ್ಲಿ ವಿಜಯಳ ಕೊಡೆ. ಇದರಲ್ಲಿ ಬಾವುಟ. ಇದೆಂತದು, ನನ್ನ ಮೂಗಿನ ಹೊಳ್ಳೆಯಾ?”

“ಬೆಳಕು ಸರಿ ಇರ್ಲಿಲ್ಲ ಅಕ್ಕ.”

“ಬೆಳಕಿನ ಮೇಲೆ ಹಾಕ್ಬೇಡ. ಬೇಕೂಂತ ತಪ್ಪು ಸಹಿ ಹಾಕುವವರನ್ನು ನಾನೆಷ್ಟು ನೋಡಿಲ್ಲ? ಮಗ ಹಣ ತೆಗೆಸ್ಲಿಕ್ಕೆ ಅಪ್ಪನನ್ನು ಬ್ಯಾಂಕಿಗೆ ಎಳ್ಕೊಂಡು ಬರ್ತಾನೆ, ಅಪ್ಪ ಸಹಿ ತಪ್ಪಿಸ್ತಾನೆ. ಕೈ ನಡುಗಿ ಆಗುವ ತಪ್ಪು ಬೇರೆ, ಕೊಡ್ಲಿಕ್ಕೆ ಮನಸ್ಸಿಲ್ಲದ ತಪ್ಪು ಬೇರೆ. ನಿನ್ನದು ಎರಡನೆಯದ್ದು.”

ಸುಬ್ರಾಯ ಕಡಲು ನೋಡಿದ. ಬಾಯಿ ತಾನಾಗಿ ವೆಂಕಟರಮಣರ ಕಥೆ ಹೇಳಿತು, ಗುರುವಾರದ ಮಗಳನ್ನೂ ಹೇಳಿತು. ಶಾಂತಕ್ಕ ನಗಲು ಹೋಗಿ ಹೊಟ್ಟೆ ಹಿಡಿದುಕೊಂಡಳು.

“ದಡ್ಡ. ಕಟ್ಟು ಸಿದ್ಧ ಆಗ್ಲಿಲ್ಲ ಅಂತ ಯಮ ವಾಪಸ್ ಹೋಗ್ತಾನಾ? ಫೋಟೋ ತರ್ಲಿಲ್ಲ, ನಾಳೆ ಬನ್ನಿ ಅಂತ ಹೇಳ್ಲಿಕ್ಕೆ ಅದು ಸರ್ಕಾರಿ ಆಫೀಸಾ?” ಮತ್ತೆ ಅಂದಳು: “ನಿನ್ನ ಹತ್ರ ನಾನು ಇಷ್ಟರವರೆಗೆ ಎಂತಾದ್ರೂ ಕೇಳಿದ್ದುಂಟಾ ಸುಬ್ಬು?”

ಇರಲಿಲ್ಲ. ಸುಬ್ರಾಯ ಎಷ್ಟು ಹಿಂದಕ್ಕೆ ಹೋಗಿ ಹುಡುಕಿದರೂ ಇರಲಿಲ್ಲ.

“ತೆಗೀತೇನೆ,” ಎಂದ. “ಕೂತ್ಕೊ. ಸರಿ ತೆಗೀತೇನೆ.”

ಮಂಟಪದ ಕಂಬ ಬಿಟ್ಟು ಅವಳನ್ನು ಈಚೆ ಕೂರಿಸಿದ. ಹಿಂದೆ ಬರಿಯ ಆಕಾಶ, ನಿಜವಾದದ್ದು. ತಲೆಯ ಮೇಲೆ ಎಷ್ಟು ಜಾಗ, ಹೆಗಲ ಬದಿಗೆ ಎಷ್ಟು, ಪಟ್ಟಿ ಎಲ್ಲಿ ಬರುತ್ತದೆ, ಎಲ್ಲವೂ ಅವನ ಕಣ್ಣಿಗೆ ಗೆರೆ ಎಳೆದಂತೆ ಕಂಡವು. ಬೆಳಕೂ ಒಳ್ಳೆಯದಿತ್ತು. ಇಲ್ಲದ್ದು ಮುಖ.

ಬೆಳಗಿನ ಮಾತ್ರೆಯ ಬಲ ಇಳಿದಿತ್ತು. ದಿನವಿಡೀ ಗಡಿಯಾರ, ಬಾವುಟ, ಗೇಟು ಎಂದು ಸುತ್ತಿದ್ದು ಕೆನ್ನೆಯನ್ನು ಒಳಗೆಳೆದಿತ್ತು. ತುಟಿ ಹಲ್ಲಿಗೆ ಅಂಟಿತ್ತು. ಅವಳು ಬೆನ್ನು ನೆಟ್ಟಗೆ ಮಾಡುತ್ತಿದ್ದಳು, ಅದು ಮತ್ತೆ ಬಾಗುತ್ತಿತ್ತು. ನಗಲು ನೋಡಿದಳು, ಬಂದದ್ದು ನೋವು. ಸುಬ್ರಾಯ ಈಗ ನಿಜವಾಗಿ ಯತ್ನಿಸಿದ. ಕೂತು, ನಿಂತು, ಮೆಟ್ಟಿಲಿಳಿದು, ಬಲಕ್ಕೆ ಸರಿದು. “ಅಕ್ಕ, ಆ ಮ್ಯಾನೇಜರನ್ನು ನೆನೆಸು,” ಎಂದ. “ಆಡು ಗುದ್ದಿತಲ್ಲ.” ಅವಳು ನೆನೆಸಿದಳು, ಮುಖಕ್ಕೆ ನೆನಪಾಗಲಿಲ್ಲ.

ಫೋನು ತೆಗೆದುಕೊಂಡು ನೋಡಿದಳು. ತುಂಬ ಹೊತ್ತು ನೋಡಿದಳು, ಸಹಿ ನೋಡುತ್ತಿದ್ದ ಹಾಗೆ.

“ಇವಳ ಖಾತೆ ನಮ್ಮಲ್ಲಿಲ್ಲ,” ಎಂದಳು.

ಈಗ ತೆಗೆದವನ್ನೆಲ್ಲ ಒಂದೊಂದಾಗಿ ಅಳಿಸಿದಳು. ಅಳಿಸಿದ್ದು ಹೋಗಿ ಕೂಡುವ ಜಾಗವನ್ನೂ ತೆರೆದು ಅಲ್ಲಿಂದಲೂ ಅಳಿಸಿದಳು, ಕೃಪಾ ಕಲಿಸಿಕೊಟ್ಟಿದ್ದ ವಿದ್ಯೆ.

“ಬೆಳಿಗ್ಗೆ ಇದ್ದೆ ನಾನು,” ಎಂದಳು ಸಿಟ್ಟಿಲ್ಲದೆ. “ಆ ಕೊಳದ ಹತ್ರ. ಅಷ್ಟೇ ಹೊತ್ತು ಇದ್ದದ್ದು ಅಂತ ಕಾಣ್ತದೆ.”

“ನಾಳೆ ಬೆಳಿಗ್ಗೆ ಪುನಃ ಅಲ್ಲಿಗೇ ಹೋಗುವ ಅಕ್ಕ. ಅದೇ ಹೊತ್ತಿಗೆ.”

“ಹೋಗುವ,” ಎಂದಳು ಶಾಂತಕ್ಕ. ಚಹಾ ಬಂತು. ಅವಳು ಗ್ಲಾಸು ಹಿಡಿದು ಕೂತಳು, ಕುಡಿಯಲಿಲ್ಲ.

ಮರುದಿನ ಬೆಳಿಗ್ಗೆ ಲಾಡ್ಜಿನ ಮಂಚದಿಂದ ಅವಳಿಗೆ ಏಳಲಾಗಲಿಲ್ಲ. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಕೊಚ್ಚಿಗೆ ಬಂದರು. ಆಮೇಲೆ ಕೆಲವು ವಾರ ಇದ್ದಳು. ಫೋಟೋದ ಮಾತು ಮತ್ತೆ ಎತ್ತಲಿಲ್ಲ. ಸುಬ್ರಾಯ ದಿನವೂ ಬೆಳಿಗ್ಗೆ, ಮಾತ್ರೆಯ ನಂತರ, ಫೋನು ಕಿಸೆಯಲ್ಲಿಟ್ಟುಕೊಂಡು ಅವಳ ಮುಖ ನೋಡಿ ಅಂಗಡಿಗೆ ಹೋಗುತ್ತಿದ್ದ. ಕೊಳದ ಬಳಿಯ ಮುಖ ಒಂದು ದಿನವೂ ಬರಲಿಲ್ಲ. ಸರಕು ಸಿದ್ಧವಾಗದೆಯೂ ಒಯ್ಯುವವನು ಬಂದ. ವಿಜಯಾ ಅವಳಿಗೆ ಆ ಕಡುಹಸಿರು ಸೀರೆಯನ್ನೇ ಉಡಿಸಿದಳು, ಅವಳಿಗೆ ಇಷ್ಟವಾದದ್ದು ಎಂದು. ಸೀರೆಯೂ ಹೋಯಿತು.

ಸೂತಕ ಕಳೆದ ಮೇಲೆ ಸುಬ್ರಾಯ ಅಂಗಡಿ ತೆರೆದು, ಕೃಪಾಳ ಫೋನಿನಿಂದ ಗಡಿಯಾರದ ಬಳಿಯ ಫೋಟೋ ತರಿಸಿಕೊಂಡು ಕಂಪ್ಯೂಟರಿಗೆ ಹಾಕಿದ. ಮುಖ ಇತ್ತು. ನಗೆಯ ಅಂಚು, ತಪ್ಪು ಹುಡುಕುವ ಕಣ್ಣು, ಕೆನ್ನೆಯ ಮೇಲೆ ಕೊಳದ ಬೆಳಕು, ಎಲ್ಲ ಇತ್ತು. ಅದರ ಕೆಳಗೆ ಹೆಗಲಿನಿಂದ ಕೊರಳ ಬುಡದವರೆಗೆ ಅವನದೇ ಅಂಗೈ.

ಪರರ ಕೈಗಳನ್ನು ಎಷ್ಟು ತೆಗೆದಿದ್ದನೋ ಲೆಕ್ಕವಿಲ್ಲ. ತನ್ನದನ್ನೂ ತೆಗೆದ. ಅಲ್ಲೊಂದು ಕೈಯಾಕಾರದ ಗುಂಡಿ ಉಳಿಯಿತು. ಅದರಲ್ಲಿ ಏನಿತ್ತು? ಕೊರಳಿನ ಎಲುಬು ಎಷ್ಟು ಎದ್ದಿತ್ತು? ಸೆರಗಿನ ನೆರಿಗೆ ಎತ್ತ ಬಿದ್ದಿತ್ತು, ಪಿನ್ನು ಎಲ್ಲಿತ್ತು? ಅವನು ನೋಡಿರಲಿಲ್ಲ, ಮುಚ್ಚಿದ್ದಷ್ಟೇ. ನೋಡಿ ತುಂಬೋಣವೆಂದರೆ ಸೀರೆಯೂ ಇಲ್ಲ.

“ಯಾವುದಾದರೂ ಹಸಿರು ಹಾಕಿ ಮುಗಿಸಿ,” ಎಂದಳು ಊಟದ ಡಬ್ಬಿ ತಂದ ವಿಜಯಾ. “ಅಷ್ಟು ಹತ್ತಿರದಿಂದ ಯಾರು ನೋಡ್ತಾರೆ?”

ಹಾಕಿ ನೋಡಿದ. ಮನೆಯ ಕಪಾಟಿನಲ್ಲಿದ್ದ ಬೇರೆ ಹಸಿರು ಸೀರೆಯ ಫೋಟೋ ತೆಗೆದು ತಂದು, ಬೇರೆ ಯಾರದೋ ಹೆಗಲು ತಂದು ಕೂರಿಸಿದ. ಚೆನ್ನಾಗಿಯೇ ಕೂತಿತು. ಗಿರಾಕಿಯಾಗಿದ್ದರೆ ಅತ್ತು ಒಪ್ಪಿಕೊಂಡು ಒಯ್ಯುತ್ತಿದ್ದರು. ಆದರೆ ಆ ಹೆಗಲಿನ ಮೇಲಿನಿಂದ ಶಾಂತಕ್ಕನ ಕಣ್ಣು ಅವನನ್ನೇ ನೋಡುತ್ತಿತ್ತು, ಸುಳ್ಳು ಸಹಿಯ ಚೆಕ್ಕನ್ನು ಕೌಂಟರಿನಾಚೆಗೆ ವಾಪಸು ತಳ್ಳುವ ಮೊದಲು ನೋಡುತ್ತಿದ್ದ ಹಾಗೆ. ಅಳಿಸಿದ. ಕೈಯನ್ನು ಇದ್ದಲ್ಲಿಗೇ ಇಟ್ಟ. ಕೈಯಿರುವ ಫೋಟೋ ಬೇಡವೆಂದು ಅವಳು ಮೊದಲೇ ಹೇಳಿದ್ದಳು, ಹಾಗಾಗಿ ಅದಕ್ಕೂ ಕಟ್ಟು ಹಾಕಲಿಲ್ಲ.

ಮನೆಯಲ್ಲಿ ನಡುಬಾಗಿಲಿನ ಮೇಲೆ ಮೊಳೆ ಹಾಗೇ ಉಳಿಯಿತು. ಬಂದವರ ಕಣ್ಣು ಅತ್ತ ಹೋಗುವುದನ್ನು ನೋಡಲಾರದೆ ವಿಜಯಾ ಅದಕ್ಕೆ ಬ್ಯಾಂಕಿನವರು ಕೊಟ್ಟ ಕ್ಯಾಲೆಂಡರು ನೇತುಹಾಕಿದಳು. ಆ ವರ್ಷ ಮುಗಿದು ಹೊಸ ಕ್ಯಾಲೆಂಡರು ಅಡುಗೆಮನೆಗೆ ಬಂದಿದೆ. ಇದು ಡಿಸೆಂಬರಿನಲ್ಲೇ ನಿಂತಿದೆ. ತೆಗೆದರೆ ಮೊಳೆ ಕಾಣುತ್ತದೆಂದು ಯಾರೂ ತೆಗೆದಿಲ್ಲ.